ಗುಡ್ಡವಿಲ್ಲದ ದೇಶದಲ್ಲಿ ಎರಡನೆಯ ಗುಡ್ಡ

ವಿಮಾನ ಬೀಳಬಹುದಿತ್ತು. ಬೀಳದಿದ್ದರೂ ನನ್ನ ಪೆಟ್ಟಿಗೆಯೊಂದೇ ಬೇರೆ ವಿಮಾನ ಹತ್ತಿ ಬ್ರೆಜಿಲ್ ನೋಡಿಕೊಂಡು ಬರಬಹುದಿತ್ತು. ಪಾಸ್‌ಪೋರ್ಟಿನ ಫೋಟೋದಲ್ಲಿ ನನಗೆ ಮೀಸೆ ಇದೆ, ಮುಖದಲ್ಲಿ ಈಗ ಇಲ್ಲ. ಆ ಮೀಸೆ ಎಲ್ಲಿ ಎಂದು ಕೇಳಿ ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಬಹುದಿತ್ತು. ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮತ್ತೇನೋ ಎಂದು ತಿಳಿಯಬಹುದಿತ್ತು. ಸಸ್ಯಾಹಾರವೆಂದು ಕೊಟ್ಟ ಸೂಪಿನ ತಳದಲ್ಲಿ ಮೀನು ಮಲಗಿರಬಹುದಿತ್ತು. ನಾನು ಹೋದ ನೆದರ್‌ಲ್ಯಾಂಡ್ಸ್‌ನಲ್ಲಿ ಎಷ್ಟೋ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆಯಂತೆ. ಇಷ್ಟು ಕಾಲ ತಡೆದ ಕಟ್ಟೆ ನಾನು ಹೋದ ವಾರವೇ ಒಡೆಯಬಹುದಿತ್ತು. ಇತ್ತ ಮನೆಯಲ್ಲಿ ಹೆಂಡತಿ ಗ್ಯಾಸ್ ಆರಿಸಲು ಮರೆಯಬಹುದಿತ್ತು. ಅವಳು ಈವರೆಗೆ ಒಮ್ಮೆಯೂ ಮರೆತಿಲ್ಲ. ನನ್ನ ಭಯಕ್ಕೆ ಕಾರಣವೇ ಅದು. ಕೈಚೀಲದಲ್ಲಿ ನಾನು ಹೊತ್ತೊಯ್ದ ಉಕ್ಕಿನ ಬಿಲ್ಲೆ ಪರೀಕ್ಷೆಯಲ್ಲಿ ಫೇಲಾಗಬಹುದಿತ್ತು. ಎಲ್ಲಕ್ಕಿಂತ ದೊಡ್ಡದಾಗಿ, ಅಕ್ಕನಿಗೆ ನಾನು ತಪ್ಪು ಉತ್ತರ ಹೇಳಬಹುದಿತ್ತು.

ಆದದ್ದು ಇದರಲ್ಲಿ ಯಾವುದೂ ಅಲ್ಲ.

ಬಾಗಲಗುಂಟೆ

ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ನಾನು ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತೇನೆ. ಅಂದರೆ, ಬೇರೆಯವರು ಮಾಡಿದ್ದನ್ನು ನಂಬದೆ ಇರುವುದಕ್ಕೆ ನನಗೆ ಸಂಬಳ. ಅಳೆಯುವ ಉಪಕರಣಗಳೆಲ್ಲ ಇವೆ. ಆದರೂ ಕೊನೆಯ ಮಾತು ಉಗುರಿನದು. ಹೆಬ್ಬೆರಳ ಉಗುರನ್ನು ಲೋಹದ ಮೇಲೆ ಮೆಲ್ಲಗೆ ಎಳೆದರೆ ಕಣ್ಣಿಗೆ ಕಾಣದ ಗೀರು ಕೂಡ ತಾನಾಗಿ ಹಾಜರಿ ಹೇಳುತ್ತದೆ. ನಮ್ಮ ಶಾಪಿನಲ್ಲಿ ಓನರ ಒಂದು ಮಾತಿದೆ: ಗೇಟಿನೊಳಗೆ ಸಿಕ್ಕಿಬಿದ್ದ ತಪ್ಪು ತಪ್ಪಲ್ಲ, ಗೇಟು ದಾಟಿದ್ದೇ ತಪ್ಪು.

ಈ ಅಭ್ಯಾಸ ಶಾಪಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಹಾಲು ಮೂಸಿ ನೋಡುವವನು ನಾನೇ. ಬೀಗ ಹಾಕಿ, ಜಗ್ಗಿ, ಬೀದಿಯ ತುದಿಯಿಂದ ವಾಪಸು ಬಂದು ಮತ್ತೆ ಜಗ್ಗುವವನೂ ನಾನೇ. ಯೋಚನೆ ಹೆಚ್ಚಾದಾಗ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತೇನೆ. ನಮ್ಮದು ದಾವಣಗೆರೆ ಕಡೆಯ ಶಿವಭಕ್ತರ ಮನೆ. ಉಳಿದವರಿಗೆ ಸ್ನಾನವಾದ ಮೇಲೆ ಒಮ್ಮೆ ಹಚ್ಚಿದರೆ ಮುಗಿಯಿತು. ನನ್ನ ಯೋಚನೆಗಳು ಸ್ನಾನದ ಹೊತ್ತು ನೋಡಿ ಬರುವುದಿಲ್ಲವಾದ್ದರಿಂದ ಅಂಗಿಯ ಜೇಬಿನಲ್ಲಿ ಸದಾ ಒಂದು ತುಂಡು ಇರುತ್ತದೆ.

ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆ ನನ್ನ ಒಡಹುಟ್ಟಿದ ಗಿರಿಜಕ್ಕನ ಮನೆ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಸಣ್ಣ ಸಣ್ಣ ಭಾಗಗಳನ್ನು ಚಿಮುಟದಲ್ಲಿ ಹಿಡಿದು ಜೋಡಿಸುವ ಕೆಲಸ ಮಾಡಿ ನಿವೃತ್ತಳಾದವಳು. ಬಿಸಿ ಕಾಫಿಯ ಸ್ಟೀಲ್ ಲೋಟವನ್ನು ಎರಡೂ ಅಂಗೈಯಲ್ಲಿ ಬಿಗಿದು ಹಿಡಿದು ಕುಡಿಯುವುದು ಅವಳ ಪದ್ಧತಿ. ತುಟಿ ಸುಡದ ಕಾಫಿಯನ್ನು ಅವಳು ಪಾಯಸ ಎನ್ನುತ್ತಾಳೆ.

ಅವಳಿಗೆ ಸ್ತನ ಕ್ಯಾನ್ಸರ್. ಕೆಂಪು ಬಣ್ಣದ ಒಂದು ಔಷಧಿಯನ್ನು ಕೆಲವು ಸಲ ರಕ್ತನಾಳಕ್ಕೆ ಹಾಯಿಸಿದ ಮೇಲೆ ಹೃದಯ ಸುಸ್ತಾಗುತ್ತಿದೆ ಎಂದು ಸ್ಕ್ಯಾನಿನಲ್ಲಿ ಕಂಡಿತು. ಅದೇ ಔಷಧಿಯ ಇನ್ನೊಂದು ರೂಪಕ್ಕೆ ಹೋಗೋಣ, ಹೆಚ್ಚು ದಿನ ಕಾಯುವುದು ಬೇಡ ಎಂದರು ಡಾಕ್ಟರು.

"ಹಳೇ ಔಷಧೀನೇ ಅಂತೆ ಕಣೋ ಚಂದ್ರು," ಎಂದಳು ಅಕ್ಕ. "ಕೊಬ್ಬಿನ ಸಣ್ಣ ಗುಳ್ಳೆ ಒಳಗೆ ತುಂಬಿ ಬಿಡ್ತಾರಂತೆ. ಕಣ್ಣಿಗೆ ಕಾಣಲ್ವಂತೆ. ನೇರ ಗೆಡ್ಡೆಗೇ ಹೋಗ್ತದಂತೆ."

"ಎಷ್ಟು 'ಅಂತೆ' ಅಕ್ಕ ಇದರಲ್ಲಿ."

"ಅದಕ್ಕೇ ಅಲ್ವಾ ನಿನ್ನ ಕಳಿಸ್ತಿರೋದು."

"ಕಳಿಸ್ತಿರೋದು ನಮ್ಮ ಓನರು."

"ಅವರು ಬಿಲ್ಲೆ ಕೊಟ್ಟು ಕಳಿಸ್ತಿದ್ದಾರೆ. ನಾನು ಅನುಮಾನ ಕೊಟ್ಟು ಕಳಿಸ್ತಿದೀನಿ." ಅಕ್ಕ ಲೋಟ ಕೆಳಗಿಟ್ಟಳು. "ನೀನು ಹೋಗ್ತಿರೋದು ಅಂಥಾ ಗುಳ್ಳೆ ಮಾಡೋ ಜಾಗಕ್ಕೇ ತಾನೇ? ನೋಡ್ಕೊಂಡು ಬಾ. ನೀನು ಹೂಂ ಅಂದ್ರೆ ಹಾಕಿಸ್ಕೋತೀನಿ. ಉಹೂಂ ಅಂದ್ರೆ ಇಲ್ಲ."

ಮನೆಯಲ್ಲಿ ನಾನು ಮೂಸಿದ ಹಾಲನ್ನು ಎಲ್ಲರೂ ಕುಡಿಯುತ್ತಾರೆ. ಆದರೆ ಇದು ಹಾಲಲ್ಲ. ನಾನು ಉಹೂಂ ಎಂದರೆ ಅಕ್ಕನ ಗೆಡ್ಡೆಗೆ ಅನುಕೂಲ, ಹೂಂ ಎಂದು ತಪ್ಪಿದರೆ ಅವಳ ಹೃದಯಕ್ಕೆ ಅಪಾಯ. ಆ ರಾತ್ರಿ ವಿಭೂತಿಯ ಖರ್ಚು ಜಾಸ್ತಿಯಾಯಿತು.

ವಿಮಾನ ನಿಲ್ದಾಣ

ಬಿಲ್ಲೆ ಎಂದರೆ ಅಂಗೈ ಅಗಲದ, ಮೈತುಂಬ ತೂತುಗಳ ಉಕ್ಕಿನ ತಟ್ಟೆ. ನಮ್ಮ ಶಾಪಿನಲ್ಲಿ ಮಾಡಿದ್ದು, ನೆದರ್‌ಲ್ಯಾಂಡ್ಸ್‌ನ ಒಂದು ಪ್ರಯೋಗಾಲಯದಲ್ಲಿ ಪಾಸಾಗಬೇಕಿತ್ತು. ಕನ್ನಡಿಯಂತೆ ಹೊಳೆಯುತ್ತಿತ್ತು. ಪೆಟ್ಟಿಗೆಯಲ್ಲಿಟ್ಟರೆ ಬ್ರೆಜಿಲ್ ಭಯವಿತ್ತಲ್ಲ, ಅದಕ್ಕೇ ಕೈಚೀಲದಲ್ಲಿ ಇಟ್ಟಿದ್ದೆ. ತಪಾಸಣೆಯ ಯಂತ್ರ ನಿಂತಿತು.

"ಬ್ಯಾಗ್ ಓಪನ್ ಮಾಡಿ ಸಾರ್," ಎಂದಳು ಸಮವಸ್ತ್ರದ ಹುಡುಗಿ. ಬಿಲ್ಲೆಯನ್ನು ಬೆಳಕಿಗೆ ಹಿಡಿದು ತೂತುಗಳ ಮೂಲಕ ನನ್ನನ್ನೇ ನೋಡಿದಳು. "ಏನಿದು?"

ನಿಜವಾದ ಉತ್ತರ ನನಗೆ ಬಾಯಿಪಾಠವಾಗಿತ್ತು. ಔಷಧಿ ಬೆರೆಸಿದ ಕೊಬ್ಬಿನ ನೀರನ್ನು ಒತ್ತಡದಲ್ಲಿ ಹಾಯಿಸುವಾಗ ಅತಿ ಸಣ್ಣ ಕಣ್ಣಿನ ಜರಡಿ ಹರಿಯದಂತೆ ಅದರ ಕೆಳಗೆ ಇಡುವ ಆಧಾರ. ಆದರೆ ಬಾಯಿಗೆ ಬಂದದ್ದು ಬೇರೆಯೇ: "ಶಾವಿಗೆ ಒರಳಿನ ಬಿಲ್ಲೆ, ಮೇಡಂ."

"ಒರಳೆಲ್ಲಿ?"

"ಅಲ್ಲಿದೆ."

"ಫಾರಿನ್ನಲ್ಲಾ? ಅವ್ರಿಗೆ ಒಂದ್ ಬಿಲ್ಲೆ ಮಾಡಕ್ಕೆ ಬರಲ್ವಾ ಸಾರ್?"

"ಪೀಣ್ಯದ ಥರ ಬರಲ್ಲ."

ಅವಳು ನಕ್ಕು, ಮೇಲಿನವರಿಗೊಮ್ಮೆ ತೋರಿಸಿ, ಬಿಟ್ಟಳು. ಸುಳ್ಳು ಹೇಳಿದೆನೆಂಬ ಪಾಪಪ್ರಜ್ಞೆ ಸೀಟಿನಲ್ಲಿ ಕೂತ ಮೇಲೆ ಕರಗಿತು. ಯೋಚಿಸಿದರೆ ಅದು ಶಾವಿಗೆ ಒರಳೇ. ಮೇಲಿಂದ ಒತ್ತು, ತೂತಿನಿಂದ ಸಣ್ಣದಾಗಿ ಬರುತ್ತದೆ. ವ್ಯತ್ಯಾಸ ಏನೆಂದರೆ ಇಲ್ಲಿ ಬರುವ ಶಾವಿಗೆ ಯಾರಿಗೂ ಕಾಣುವುದಿಲ್ಲ. ನಮ್ಮಲ್ಲಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಾದ ಮೈಕ್ರಾನ್ ಎಂದರೆ ಕೊನೆಯ ಬಸ್‌ಸ್ಟಾಪು; ಅದರಾಚೆ ದೇವರೇ. ಇವರು ಮೈಕ್ರಾನನ್ನೂ ಸಾವಿರ ತುಂಡು ಮಾಡಿ, ಅದರಲ್ಲಿ ನೂರು ತುಂಡಿನಷ್ಟು ಅಗಲದ ಗುಳ್ಳೆ ಮಾಡಿ, ಒಳಗೆ ಔಷಧಿ ತುಂಬಿ, ವಿಳಾಸ ಹೇಳಿ ಕಳಿಸುತ್ತಾರಂತೆ. ಹಳೇ ಮಾಲಿಗೆ ಹೊಸ ಪ್ಯಾಕಿಂಗ್ ಹಾಕುವವರನ್ನು ನಾನು ಬಹಳ ನೋಡಿದ್ದೇನೆ. ಕಾಣದ ಪ್ಯಾಕಿಂಗ್ ಹಾಕುವವರನ್ನು ನೋಡುವುದು ಇದೇ ಮೊದಲು.

ಪರದೆಯಿಲ್ಲದ ಬೀದಿ

ಉಳಿದುಕೊಂಡ ಊರು ರೊಟ್ಟಿಯ ಹೆಂಚಿನಷ್ಟು ಸಮತಟ್ಟು. ಗುಡ್ಡ ಎಂಬುದೇ ಕಣ್ಣಿಗೆ ಬೀಳಲಿಲ್ಲ. ಏರುವುದನ್ನೆಲ್ಲ ಅವರು ಮನೆಯೊಳಗೆ ಇಟ್ಟುಕೊಂಡಿದ್ದಾರೆ: ಮೆಟ್ಟಿಲುಗಳು ಏಣಿಯ ಹಾಗೆ ನೆಟ್ಟಗೆ ನಿಂತಿರುತ್ತವೆ. ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಗೋಡೆಗೆ ಅಂಟಿಕೊಂಡು ಹತ್ತಿದೆ. ನಾನು ಕೋಣೆ ಹಿಡಿದ ಮನೆಯ ಒಡತಿ ಕೆಳಗಿನಿಂದ "ಇಳಿಯುವಾಗ ಹಿಮ್ಮುಖವಾಗಿ ಇಳಿಯಿರಿ" ಎಂದು ಧೈರ್ಯ ಹೇಳಿದರು. ಆಮೇಲೆ ಕಾಫಿ ಕೊಟ್ಟರು. ಡಬ್ಬಿ ತೆರೆದು ಒಂದು ಬಿಸ್ಕತ್ತು ತೆಗೆದುಕೊಳ್ಳಲು ಬಿಟ್ಟು, ಡಬ್ಬಿ ಮುಚ್ಚಿದರು. ನಮ್ಮಲ್ಲಿ ಬೇಡ ಬೇಡ ಎಂದರೂ ತಟ್ಟೆಗೆ ಸುರಿಯುತ್ತಾರೆ. ಇಲ್ಲಿ ಬೇಡ ಎಂದರೆ ನಿಜಕ್ಕೂ ಸಿಗುವುದಿಲ್ಲ ಎಂಬುದನ್ನು ಮಾರನೆಯ ದಿನ ಬೆಳಗಿನ ಉಪಾಹಾರಕ್ಕೆ "ಪರವಾಗಿಲ್ಲ, ಬೇಡ" ಎಂದು ಶಿಷ್ಟಾಚಾರ ತೋರಿಸಿ ಕಲಿತೆ.

ಸಂಜೆ ಅಡ್ಡಾಡಲು ಹೋದೆ. ಸೈಕಲ್ಲಿನವರಿಗಾಗಿ ಮಾಡಿದ ದಾರಿಯಲ್ಲಿ ನಡೆದು ಹಲವು ಸೈಕಲ್ ಗಂಟೆಗಳ ಬೈಗುಳ ತಿಂದೆ. ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಕಿಟಕಿಗಳು. ಬೀದಿಗೆ ತಾಗಿದ ಆಳೆತ್ತರದ ಗಾಜು, ಪರದೆ ಇಲ್ಲ. ಒಳಗೆ ಒಬ್ಬ ಮುದುಕ ಸೂಪು ಕುಡಿಯುತ್ತಿದ್ದಾನೆ, ಒಬ್ಬಳು ಬಟ್ಟೆ ಮಡಿಸುತ್ತಿದ್ದಾಳೆ. ಬಾಗಲಗುಂಟೆಯಲ್ಲಿ ನಮ್ಮ ಕಿಟಕಿಗೆ ಸರಳು, ಸರಳಿಗೆ ಸೊಳ್ಳೆ ಪರದೆ, ಅದಕ್ಕೆ ಬಟ್ಟೆಯ ಪರದೆ, ಪಕ್ಕದ ಕಟ್ಟಡ ಎದ್ದ ಮೇಲೆ ಗಾಜಿಗೆ ಕ್ಯಾಲೆಂಡರಿನ ಹಾಳೆ. ಇಷ್ಟೆಲ್ಲ ತೆರೆದಿಟ್ಟವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ನನಗೆ ಖಾತ್ರಿಯಾಯಿತು.

ಪ್ರಯೋಗಾಲಯ, ಮೊದಲ ದಿನ

ನಮ್ಮ ಬಿಲ್ಲೆಯನ್ನು ಪರೀಕ್ಷಿಸಬೇಕಾದ ವಿಜ್ಞಾನಿಯ ಹೆಸರು ಮರೈಕೆ. ನನ್ನ ವಯಸ್ಸಿನವರು, ನನಗಿಂತ ಒಂದು ಗೇಣು ಎತ್ತರ. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ನೆನಪಿರುವುದು ನನಗೆ ಕನ್ನಡದಲ್ಲೇ.

ಸುತ್ತಿ ಬಳಸುವ ಸಾಮರ್ಥ್ಯ ನನಗಿರಲಿಲ್ಲ. ಅಕ್ಕನ ವಿಷಯ ಹೇಳಿ ನೇರವಾಗಿ ಕೇಳಿದೆ: "ಈ ಗುಳ್ಳೆಗಳು ನಿಜವಾಗಿ ಗೆಡ್ಡೆಗೇ ಹೋಗುತ್ತವೆಯಾ?"

"ಇಲ್ಲ," ಎಂದರು ಮರೈಕೆ.

ಇಂಥ ಉತ್ತರಕ್ಕೆ ನಾನು ಸಿದ್ಧನಾಗಿರಲಿಲ್ಲ. ಮಾರುವವರು ಹೀಗೆ ಮಾತಾಡುವುದಿಲ್ಲ.

"ಅವಕ್ಕೆ ವಿಳಾಸ ಗೊತ್ತಿಲ್ಲ. ರಕ್ತದಲ್ಲಿ ಸುತ್ತುತ್ತವೆ, ಅಷ್ಟೇ. ಬಹುಪಾಲನ್ನು ಲಿವರು, ಹೊಟ್ಟೆಯ ಎಡಬದಿಯ ಗುಲ್ಮ ಹಿಡಿದು ತಿನ್ನುತ್ತವೆ. ಗೆಡ್ಡೆ ಮುಟ್ಟುವುದು ಸ್ವಲ್ಪ."

"ಆ ಸ್ವಲ್ಪವಾದರೂ ಹೇಗೆ ಮುಟ್ಟುತ್ತದೆ?"

"ಗೆಡ್ಡೆ ಅವಸರದಲ್ಲಿ ಬೆಳೆಯುತ್ತದೆ. ಅದರ ರಕ್ತನಾಳಗಳ ಕಟ್ಟಡ ಕಳಪೆ, ಸಂದುಗಳಿರುತ್ತವೆ. ಆರೋಗ್ಯವಾದ ನಾಳದ ಗೋಡೆಯಿಂದ ಗುಳ್ಳೆ ಆಚೆ ಬರಲಾರದು. ಅಲ್ಲಿ ಮಾತ್ರ ಸೋರಿ ಹೊರಬರುತ್ತದೆ."

ಇದು ನನಗೆ ತಕ್ಷಣ ಅರ್ಥವಾಯಿತು. ಪ್ಲಾನ್ ಪಾಸಾಗದ ಬಡಾವಣೆ. ರಾತ್ರೋರಾತ್ರಿ ಸೈಟು, ಹಗಲಿಗೆ ಮನೆ, ಪೈಪು ಎಳೆದವನು ಜಾಯಿಂಟಿಗೆ ಗೋಣಿನಾರು ಸುತ್ತಿ ಹೋಗಿರುತ್ತಾನೆ; ನೀರು ಬಿಟ್ಟ ದಿನ ಇಡೀ ರಸ್ತೆ ಕೆಸರು. ನಮ್ಮ ಅಡ್ಡರಸ್ತೆಯನ್ನೇ ನೆನೆದು ತಲೆದೂಗಿದೆ.

"ಎಲ್ಲ ಗೆಡ್ಡೆಗಳೂ ಹಾಗೇ ಸೋರುತ್ತವೆಯಾ?"

"ಇಲ್ಲ. ಕೆಲವು ಸೋರುವುದೇ ಇಲ್ಲ."

"ಹಾಗಾದರೆ ಉಪಯೋಗವೇನು?"

"ಹೃದಯದ ನಾಳಗಳು ಸೋರುವುದಿಲ್ಲ," ಎಂದರು ಅವರು. "ಆದ್ದರಿಂದ ಅಲ್ಲಿಗೆ ಹೋಗುವ ಔಷಧಿ ಕಡಿಮೆ. ನಿಮ್ಮ ಅಕ್ಕನ ವಿಷಯದಲ್ಲಿ ಡಾಕ್ಟರು ನೋಡುತ್ತಿರುವುದು ಬಹುಶಃ ಅದನ್ನೇ. ನಾನು ಡಾಕ್ಟರಲ್ಲ."

ಅಷ್ಟರಲ್ಲಿ ಊಟದ ಹೊತ್ತಾಯಿತು. ಊಟವೆಂದರೆ ತಣ್ಣನೆಯ ಬ್ರೆಡ್ಡು, ನಡುವೆ ಒಂದು ಹಾಳೆ ಚೀಸು, ಜೊತೆಗೆ ದೊಡ್ಡವರೂ ಕುಡಿಯುವ ಒಂದು ಲೋಟ ಹಾಲು. ನಾನು ಹಾಲನ್ನು ಮೂಸಿ ನೋಡಿದೆ. ಪಕ್ಕದಲ್ಲಿ ಮರೈಕೆಯೂ ಮೂಸಿ ನೋಡುತ್ತಿದ್ದರು. ಆಗ ಅದಕ್ಕೆ ನಾನು ಮಹತ್ವ ಕೊಡಲಿಲ್ಲ.

ಪ್ರಯೋಗಾಲಯ, ಎರಡನೆಯ ದಿನ

ಪರೀಕ್ಷೆಗೆ ನಿಜವಾದ ಔಷಧಿ ಬಳಸುವುದಿಲ್ಲ. ಬರೀ ಕೊಬ್ಬು, ನೀರು. ನಾನು ಒರಳು ಎನ್ನುವ ಅವರ ಯಂತ್ರದಲ್ಲಿ ಮೇಲೆ ಜರಡಿ, ಅದರ ಕೆಳಗೆ ನಮ್ಮ ಬಿಲ್ಲೆ. ಹಾಯಿಸಿದ ನೀರಿನ ಒಂದು ತೊಟ್ಟನ್ನು ಇನ್ನೊಂದು ಯಂತ್ರಕ್ಕೆ ಕೊಟ್ಟರೆ ಅದು ಬೆಳಕು ಬಿಟ್ಟು, ಗುಳ್ಳೆಗಳು ಯಾವ ಗಾತ್ರದವು ಎಂದು ಪರದೆಯ ಮೇಲೆ ಗೆರೆ ಎಳೆಯುತ್ತದೆ. ಎಲ್ಲವೂ ಒಂದೇ ಗಾತ್ರದವಾಗಿದ್ದರೆ ಗೆರೆ ಒಂದೇ ಒಂದು ಗುಡ್ಡವಾಗಿ ಏಳಬೇಕು.

ಬಿಲ್ಲೆಯನ್ನು ತೊಳೆದು ಒಣಗಿಸಿ ಟ್ರೇಯಲ್ಲಿ ಇಟ್ಟಿದ್ದರು. ನಮ್ಮಿಬ್ಬರಿಗೂ ಕೈಗವಸು. ಮರೈಕೆ ಒರಳಿನ ತಿರುಪು ಸಡಿಲಿಸುತ್ತಿದ್ದಾಗ ನನಗೆ ಹಠಾತ್ತನೆ ಯೋಚನೆ ಹತ್ತಿತು: ದಾರಿಯಲ್ಲಿ ಗೀರು ಬಿದ್ದಿದ್ದರೆ? ವಿಮಾನ ನಿಲ್ದಾಣದ ಆ ಹುಡುಗಿಯ ಕೈಯಲ್ಲಿ ಉಂಗುರವಿತ್ತಲ್ಲ? ಅವರು ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟರು, ನಾನು ಕೂರಿಸಿದೆ, ಅವರು ತಿರುಪು ಬಿಗಿದರು.

ಪರದೆಯ ಮೇಲೆ ಗುಡ್ಡ ಎದ್ದಿತು. ಚಂದದ, ತೆಳು ಗುಡ್ಡ. ಸ್ವಲ್ಪ ಬಲಕ್ಕೆ, ಅದಕ್ಕಿಂತ ಎಷ್ಟೋ ದೊಡ್ಡ ಗಾತ್ರದ ಕಡೆ, ಇನ್ನೊಂದು.

ಎರಡನೆಯ ಗುಡ್ಡ ಎಂದರೆ ಗುಳ್ಳೆಗಳ ನಡುವೆ ಇರಬಾರದ ದಪ್ಪ ಕಣಗಳು. ಅಂಥದ್ದು ರಕ್ತಕ್ಕೆ ಹೋದರೆ ಎಲ್ಲಿ ಬೇಕಾದರೂ ಸಿಕ್ಕಿಕೊಳ್ಳಬಹುದು. ನನಗೆ ಹೆದರಿಕೆಯ ಜೊತೆಗೆ, ಹೇಳಬಾರದು, ಒಂದು ಬಗೆಯ ಸಂತೋಷವೂ ಆಯಿತು. ನಾನು ಹೇಳಿರಲಿಲ್ಲವೇ? ಕಾಣದ ಮಾಲಿನ ಹಣೆಬರಹವೇ ಇಷ್ಟು. ಬಾಗಿಲ ಬಳಿ ಹೋಗಿ ಅಕ್ಕನಿಗೆ ಫೋನಿನಲ್ಲಿ ಸಂದೇಶ ಕಳಿಸಿದೆ: "ತಡಿ. ಏನೋ ಸರಿ ಇಲ್ಲ."

ಉತ್ತರ ಕೂಡಲೇ ಬಂತು: "ಆಯ್ತು. ನಾಳೆ ಬೆಡ್ ಬುಕ್ ಆಗಿತ್ತು. ಬೇಡ ಅಂತೀನಿ."

ಎರಡು ಸಲ ಓದಿದೆ. ನನ್ನ ಮಾತಿಗೆ ಇಷ್ಟು ಬೇಗ ಬೆಲೆ ಸಿಗುತ್ತದೆ ಎಂದು ಅಂದುಕೊಂಡಿರಲಿಲ್ಲ. ಶಾಪಿನಲ್ಲಿ ನಾನು ಒಂದು ಮಾಲನ್ನು ತಡೆದರೆ ಓನರು, ಸೂಪರ್‌ವೈಸರು ಎಲ್ಲ ಬಂದು ಜಗಳವಾಡುತ್ತಾರೆ. ಆ ಜಗಳದಲ್ಲಿ ನಿಜ ಹೊರಬೀಳುತ್ತದೆ. ಅಕ್ಕ ಜಗಳವೇ ಆಡಲಿಲ್ಲ.

ಹಿಂತಿರುಗಿ ನೋಡಿದರೆ ಮರೈಕೆ ಆ ಇಡೀ ಬಾಟಲಿಯನ್ನು ಚೆಲ್ಲುತ್ತಿದ್ದರು. ಮತ್ತೆ ಹಾಯಿಸಿ ಸರಾಸರಿ ಹಾಕಲಿಲ್ಲ, "ಪರವಾಗಿಲ್ಲ, ಸಣ್ಣದು" ಎನ್ನಲಿಲ್ಲ. ಒಬ್ಬ ಇನ್‌ಸ್ಪೆಕ್ಟರ್ ಇನ್ನೊಬ್ಬನನ್ನು ಕಂಡಾಗ ಆಗುವ ಮುಜುಗರ ನನಗಾಯಿತು. ಅವರು ಮೊದಲು ತಮ್ಮ ನೀರನ್ನು ಅನುಮಾನಿಸಿದರು, ಬರೀ ನೀರು ಪರೀಕ್ಷಿಸಿದರು. ಆಮೇಲೆ ಗಾಜನ್ನು, ಆಮೇಲೆ ಯಂತ್ರವನ್ನು. ಮಧ್ಯೆ ಒಮ್ಮೆ ತಮ್ಮ ಕೂದಲನ್ನೂ ಅನುಮಾನಿಸಿ ಟೊಪ್ಪಿಯೊಳಗೆ ತುರುಕಿಕೊಂಡರು. ನಮ್ಮ ಬಿಲ್ಲೆಯ ಸರದಿ ಕೊನೆಗೆ ಬಂತು. ಬಿಚ್ಚಿ, ಕಪ್ಪು ಬಟ್ಟೆಯಲ್ಲಿ ಒರೆಸಿ, ದೀಪದ ಕೆಳಗೆ ಹಿಡಿದರು. ಬಟ್ಟೆಯ ಮೇಲೆ ಬೂದು ಮಿಶ್ರಿತ ಬಿಳಿ ಪುಡಿಯ ಒಂದು ಗೆರೆ.

ಅವರು ಬಟ್ಟೆ ನೋಡಿದರು. ಆಮೇಲೆ ನನ್ನ ಹಣೆ ನೋಡಿದರು. ಮತ್ತೆ ಬಟ್ಟೆ.

"ಚಂದ್ರ," ಎಂದರು ಬಹಳ ಮೆತ್ತಗೆ, "ನಿಮ್ಮ ಹಣೆಯ ಮೇಲಿರುವುದು ಏನು?"

"ಬೂದಿ."

"ಯಾವುದರ ಬೂದಿ?"

"ಹಸುವಿನ ಸಗಣಿಯದು. ಪವಿತ್ರ."

"ಸರಿ. ಅದು ಕೈಗವಸಿನೊಳಗಿಂದ ಬಿಲ್ಲೆಗೆ ಹೇಗೆ ಬಂತು?"

ನಾನು ಹೇಳಲೇಬೇಕಾಯಿತು. ಗವಸಿನ ಮೇಲೆ ಉಗುರಿಗೆ ಏನೂ ತಿಳಿಯುವುದಿಲ್ಲವಾದ್ದರಿಂದ, ಗೀರಿನ ಯೋಚನೆ ಬಂದಾಗ ಎಡಗೈಯ ಗವಸು ಕಳಚಿದೆ. ಬರಿಗೈ ತಾನಾಗಿ ಜೇಬಿಗೆ ಹೋಯಿತು, ಹಣೆಗೆ ಹೋಯಿತು. ಆಮೇಲೆ ಅದೇ ಬೆರಳಿನಲ್ಲಿ ಬಿಲ್ಲೆಯ ಕೆಳಮುಖದ ಮೇಲೆ ಮೆಲ್ಲಗೆ ಉಗುರೆಳೆದು, ಮತ್ತೆ ಗವಸು ಹಾಕಿಕೊಂಡೆ. ಬಿಲ್ಲೆ ಜರಡಿಯ ಕೆಳಗಿರುತ್ತದೆ. ಅದರ ಮೇಲಿದ್ದದ್ದನ್ನು ಇನ್ನು ಯಾವ ಜರಡಿಯೂ ತಡೆಯುವುದಿಲ್ಲ.

ಮರೈಕೆ ಕೋಪಿಸಿಕೊಳ್ಳಲಿಲ್ಲ. "ಗೀರು ಇತ್ತಾ?" ಎಂದು ಕೇಳಿದರು.

"ಇಲ್ಲ."

"ಒಳ್ಳೆಯದು. ನಾನು ಗುಳ್ಳೆಗಳನ್ನು ನಂಬುವುದಿಲ್ಲ ಚಂದ್ರ. ಈ ಗೆರೆಯನ್ನು ನೋಡುತ್ತೇನೆ, ಅದನ್ನೂ ಪೂರ್ತಿ ನಂಬುವುದಿಲ್ಲ. ನಮ್ಮ ಕೆಲಸವೇ ಅದು."

ಬಿಲ್ಲೆಯನ್ನು ತೊಳೆದು ಅವರೇ ಕೂರಿಸಿದರು. ನನ್ನನ್ನು ನೆಲದ ಮೇಲಿನ ಹಳದಿ ಗೆರೆಯ ಆಚೆ ನಿಲ್ಲಿಸಿದರು. ಒಂದೇ ಗುಡ್ಡ ಎದ್ದಿತು.

ಕಾಲುವೆಯ ದಂಡೆ

ಹೊರಗೆ ಓಡಿ ಬಂದು ಅಕ್ಕನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಅಲ್ಲಿ ಆಗಲೇ ಸಂಜೆ. ಆಸ್ಪತ್ರೆಗೆ ಬೇಡ ಎಂದು ಹೇಳಿಬಿಟ್ಟಿದ್ದರೆ, ಬೆಡ್ಡು ಬೇರೆಯವರಿಗೆ ಹೋಗಿ, ಮುಂದಿನ ಸರದಿ ಯಾವಾಗಲೋ. ಇಷ್ಟೆಲ್ಲ ಒಂದು ಚಿಟಿಕೆ ಬೂದಿಗೆ. ಕೈ ಜೇಬಿಗೆ ಹೋಯಿತು, ಬಾತುಕೋಳಿಯೊಂದು ನೋಡುತ್ತಿತ್ತು, ಕೈ ವಾಪಸು ತೆಗೆದೆ.

ಕೊನೆಗೆ ಎತ್ತಿದಳು. "ತರಕಾರಿ ತರಕ್ಕೆ ಹೋಗಿದ್ದೆ ಕಣೋ. ಏನು ಹನ್ನೆರಡು ಸಲ ಫೋನು?"

"ಆಸ್ಪತ್ರೆಗೆ ಬೇಡ ಅಂದ್ಯಾ?"

"ಇಲ್ಲ."

"ಅಂತೀನಿ ಅಂದಿದ್ದೆ."

"ಅಂತೀನಿ ಅಂದೆ, ಅಂದೆ ಅಂದ್ನಾ? ನಿನ್ನ ಗೊತ್ತಿಲ್ವಾ ನನಗೆ. ನಿನ್ನ ಮೊದಲ್ನೇ ಮಾತು ಬರೀ ಭಯ. ಎರಡ್ನೇದು ಮಾತು. ಅದಕ್ಕೆ ಕಾಯ್ತಿದ್ದೆ. ಹೇಳು."

ಹೇಳಿದೆ. ನೇರ ಹೋಗುವುದಿಲ್ಲ, ದಾರಿಯಲ್ಲಿ ಲಿವರು ಹಿಡಿಯುತ್ತದೆ, ಗೆಡ್ಡೆಗೆ ಸ್ವಲ್ಪ, ಹೃದಯಕ್ಕೆ ಕಡಿಮೆ.

"ಇಷ್ಟೇನಾ?"

"ಇಷ್ಟೇ."

"ಇಷ್ಟಕ್ಕೆ ಹೂಂ ಅಂತೀಯಾ?"

"ಇಲ್ಲಿಯೋರು ನನಗಿಂತ ಅನುಮಾನದೋರು ಅಕ್ಕ. ನೀರನ್ನೂ ನಂಬಲ್ಲ, ತಲೆಕೂದಲನ್ನೂ ನಂಬಲ್ಲ." ವಿಭೂತಿಯ ಕತೆಯನ್ನೂ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಬರೀ ಉಸಿರು. ನಗುತ್ತಿದ್ದಳು, ನಕ್ಕರೆ ಈಗ ಅವಳಿಗೆ ದಮ್ಮು ಹತ್ತುತ್ತದೆ.

"ಹೂಂ ಅನ್ನು ಮತ್ತೆ, ಬಾಯ್ಬಿಟ್ಟು."

"ಹೂಂ."

ಸಂತೆ

ಹೊರಡುವ ಮುನ್ನ ಮರೈಕೆ ಒಂದು ಎಚ್ಚರಿಕೆ ಹೇಳಿದ್ದರು. ಈ ಗುಳ್ಳೆಗಳು ಅಂಗೈ, ಅಂಗಾಲುಗಳಲ್ಲೂ ಸೋರುತ್ತವೆ. ಬಿಸಿ ತಗುಲಿದರೆ, ಒತ್ತಿದರೆ ಹೆಚ್ಚು. ಚರ್ಮ ಕೆಂಪಾಗಿ ಉರಿಯಬಹುದು. ಬಿಸಿ ಪಾತ್ರೆ ಹಿಡಿಯಬಾರದು. ಅಕ್ಕನ ಸ್ಟೀಲ್ ಲೋಟ ನನ್ನ ಕಣ್ಣಮುಂದೆ ಬಂತು, ಅವಳಿಗೆ ಫೋನಿನಲ್ಲಿ ಹೇಳಿದೆ.

ಸಂತೆಯಲ್ಲಿ ಒಂದು ಪಿಂಗಾಣಿ ಕಪ್ಪು ನೋಡಿದೆ. ನೀಲಿ ಗಾಳಿಯಂತ್ರದ ಚಿತ್ರ, ಬೆರಳು ತೂರುವಷ್ಟು ದೊಡ್ಡ ಹಿಡಿ. ಅಂಗೈಗೆ ಬಿಸಿಯೇ ತಾಗುವುದಿಲ್ಲ. ಅಂಚಿನ ಸುತ್ತ ಉಗುರೆಳೆದೆ, ತಳದಲ್ಲಿ ಎಳೆದೆ, ಒಳಗೆ ಎಳೆದೆ, ಬೆರಳಿನಿಂದ ತಟ್ಟಿ ನಾದ ಕೇಳಿದೆ. ಮಾರುವವನು ಕೈಕಟ್ಟಿ ನಿಂತು ನೋಡಿದ. ಬನಿಯನ್ನುಗಳಲ್ಲಿ ಸುತ್ತಿ, ಸ್ವೆಟರಿನೊಳಗೆ ಇಟ್ಟು, ಕೈಚೀಲದಲ್ಲಿ ಹಾಕಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಮತ್ತೆ ಬಾಗಲಗುಂಟೆ

ಬಿಲ್ಲೆ ಪಾಸಾಗಿತ್ತು. ವಿಭೂತಿಯದನ್ನು ಓನರಿಗೆ ನಾನೇ ಹೇಳಿದೆ. ಗೇಟಿನೊಳಗೆ ಸಿಕ್ಕಿಬಿದ್ದ ತಪ್ಪು ತಪ್ಪಲ್ಲ ಎಂದು ಅವರದೇ ಮಾತನ್ನು ಅವರಿಗೆ ನೆನಪಿಸಿದೆ. ಗ್ಯಾಸ್ ಆರಿತ್ತು. ಮೀಸೆಯನ್ನು ಯಾರೂ ಕೇಳಲಿಲ್ಲ.

ಅಕ್ಕನಿಗೆ ಹೊಸ ಔಷಧಿಯ ಮೊದಲ ಸರದಿ ಮುಗಿದಿತ್ತು. ಗೋಡೆಗೆ ಒರಗಿ, ಬರಿಗಾಲನ್ನು ನೆಲದ ತಂಪಿಗೆ ಚಾಚಿ ಕೂತಿದ್ದಳು. ಹೃದಯದ ಮುಂದಿನ ಸ್ಕ್ಯಾನಿಗೆ ಇನ್ನೂ ದಿನವಿದೆ. ಗೆಡ್ಡೆಯದಕ್ಕೆ ಇನ್ನೂ ದೂರ. ಅಲ್ಲಿಯವರೆಗೆ ಯಾರಿಗೂ ಏನೂ ಗೊತ್ತಿಲ್ಲ, ಗೊತ್ತಿದೆ ಎನ್ನುವವರನ್ನು ನಾನು ಮನೆಗೆ ಸೇರಿಸುತ್ತಿಲ್ಲ.

"ಏನ್ ತಂದೆ?" ಎಂದಳು.

ಸ್ವೆಟರು ಬಿಚ್ಚಿದೆ, ಬನಿಯನ್ನುಗಳನ್ನು ಬಿಡಿಸಿದೆ. ಕಪ್ಪಿನ ಅಂಚು ಸರಿಯಾಗಿತ್ತು, ತಳ ಸರಿಯಾಗಿತ್ತು, ಗಾಳಿಯಂತ್ರವೂ ಸರಿಯಾಗಿತ್ತು. ಹಿಡಿ ಮಾತ್ರ ಬೇರೆಯಾಗಿ, ಬನಿಯನ್ನಿನ ತೋಳಿನಲ್ಲಿ ಮಲಗಿತ್ತು. ಸಂತೆಯಲ್ಲಿ ಅಷ್ಟೆಲ್ಲ ಉಗುರೆಳೆದವನು ಹಿಡಿಯ ಬುಡಕ್ಕೆ ಎಳೆದಿರಲಿಲ್ಲ. ಗೇಟು ದಾಟಿಬಿಟ್ಟಿತ್ತು.

ಅಕ್ಕ ಎರಡನ್ನೂ ಕೈಗೆ ತೆಗೆದುಕೊಂಡು, ಚಿಮುಟದ ಕಾಲದ ಕಣ್ಣಿನಲ್ಲಿ ಮುರಿದ ಬುಡವನ್ನು ನೋಡಿದಳು. "ಒಳಗೆ ಗುಳ್ಳೆ ಇದೆ ಕಣೋ," ಎಂದಳು. "ಸುಡುವಾಗ ಗಾಳಿ ಸೇರ್ಕೊಂಡಿದೆ."

"ಅಂಟು ಹಾಕ್ತೀನಿ. ಬಿಸಿಗೆ ನಿಲ್ಲುತ್ತೋ ಇಲ್ವೋ."

"ಬೇಡ ಬಿಡು." ಡಿಕಾಕ್ಷನ್ ತರಿಸಿ, ಹಿಡಿಯಿಲ್ಲದ ಕಪ್ಪಿನ ತುಂಬ ನನ್ನಿಂದ ಕಾಫಿ ಮಾಡಿಸಿಕೊಂಡಳು. ಮುಟ್ಟಲಿಲ್ಲ. ನೆಲದ ಮೇಲೆ ತನ್ನೆದುರು ಇಟ್ಟುಕೊಂಡು, ಕೈಗಳನ್ನು ಮಡಿಲಲ್ಲಿ ಇರಿಸಿ, ಹೊಗೆಯಾಡುವುದನ್ನು ನೋಡುತ್ತ ಕೂತಳು.

"ಪಾಯಸ ಆಗ್ಬಿಡತ್ತೆ ಅಕ್ಕ," ಎಂದೆ.

"ಆಗ್ಲಿ. ಆರೋವರೆಗೂ ಇರ್ತೀನಿ. ನನಗೇನು ಅರ್ಜೆಂಟು."